ಕರಿಮಣ್ಣಿಗೆ ಬಂದ ಜಗಳೂರ ಜೇಡ

ಹೊನ್ನಾಳಿಯ ಕಲ್ಲೇಶಪ್ಪ ಖಾಸಗಿ ಬಸ್ಸಿನ ಡ್ರೈವರ್. ದಾವಣಗೆರೆ ಮೇಲೆ ಜಗಳೂರಿಗೆ ಹೋಗಿ ಅಲ್ಲೇ ಹಾಲ್ಟ್, ಮರುದಿನ ವಾಪಸ್. ಬೇರೆ ಡ್ರೈವರುಗಳು ದಾರಿಯಲ್ಲಿ ಈರುಳ್ಳಿ, ಕಡಲೆಕಾಯಿ ಕೊಂಡು ತರುತ್ತಿದ್ದರು. ಇವನು ಜೇಡ ತರುತ್ತಿದ್ದ. ಮೂಲೆಯಲ್ಲಿ ಬಲೆ ಕಟ್ಟುವ ಜೇಡವಲ್ಲ. ಅಂಗೈಯಗಲದ್ದು, ಮೈತುಂಬ ಕೂದಲಿನದು, ನೆಲದಲ್ಲಿ ಬಿಲ ತೋಡಿಕೊಂಡು ಬದುಕುವಂಥದ್ದು. ಅಗಲ ಬಾಯಿಯ ಗಾಜಿನ ಬಾಟಲಿಗಳಲ್ಲಿ ಮಣ್ಣು ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ.

‘ಕಚ್ಚಿದ್ರೆ ಏನ್ರೀ ಗತಿ?’ ಅಂದಳು ಹೆಂಡತಿ ಶಿವಗಂಗಮ್ಮ.

‘ನೀನು ಕಚ್ಚಿದಷ್ಟು ಕಚ್ಚಲ್ಲ ಬಿಡು.’

ಅವನು ಜಗಳೂರಿನಲ್ಲಿದ್ದ ದಿನ ಜಿರಲೆ ಹಿಡಿದು ಹಾಕುವ ಕೆಲಸ ಅವಳದ್ದೇ. ಬೈದುಕೊಂಡೇ ಹಾಕುತ್ತಿದ್ದಳು.

ಬಾಟಲಿಯನ್ನು ಬೆಳಕಿಗೆ ಹಿಡಿದು ಅವಳಿಗೆ ತೋರಿಸುತ್ತಿದ್ದ. ‘ನೋಡು, ಕಾಲಿನ ಗೆಣ್ಣಿಗೆ ಬಿಳಿ ಗೆರೆ ಐತೆ, ಮೈ ಕಪ್ಪು. ಇದು ನಮ್ಮ ಹೊನ್ನಾಳಿದು. ಇದಕ್ಕೆ ಗೆರೆ ಇಲ್ಲ, ಮೈಯೆಲ್ಲ ಬೆಲ್ಲದ ಬಣ್ಣ. ಇದು ಜಗಳೂರಿಂದು.’ ನ್ಯಾಮತಿ ಕಡೆ ಮಳೆಗಾಲದಲ್ಲಿ ರಸ್ತೆ ದಾಟುವ ಬಡಕಲು ಬೂದು ಜೇಡ ಬೇರೆ ಜಾತಿಯಲ್ಲ, ಹೊನ್ನಾಳಿಯದರ ಗಂಡು ಎಂಬುದನ್ನು ನೋಡಿ ನೋಡಿ ಅವನೇ ಕಂಡುಕೊಂಡಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ರೇವಣ್ಣ ಇದನ್ನು ಒಪ್ಪುತ್ತಿರಲಿಲ್ಲ. ‘ಎಲ್ಲಾ ಒಂದೇ ಕಣೋ ಕಲ್ಲೇಶಿ. ಜಗಳೂರಾಗೆ ಕೆಂಪು ಮಣ್ಣು, ಹುಳ ಕೆಂಪಗಾತು. ಇಲ್ಲಿ ಕರಿಮಣ್ಣು, ಕಪ್ಪಗಾತು. ಅಷ್ಟೇಯ.’

‘ಹಂಗಾದ್ರೆ ಹೊಲದಾಗೆ ಬಿದ್ದು ಹೊರಳೋ ನಿನ್ನ ಬಿಳಿ ಹೋರಿ ಯಾಕೆ ಕಪ್ಪಾಗಲಿಲ್ಲಲೇ?’

ಸ್ಟ್ಯಾಂಡಿನ ಕಂಡಕ್ಟರುಗಳೆಲ್ಲ ಎರಡು ಪಾರ್ಟಿಯಾದರು. ಕೊನೆಗೆ ಕಲ್ಲೇಶಪ್ಪ ಎಲ್ಲರೆದುರು ಒಂದು ಮಾತು ಆಡಿದ. ಜಗಳೂರಿನ ಕಂದು ಜೇಡವನ್ನು ಹೊನ್ನಾಳಿಯ ಕರಿಮಣ್ಣಿನಲ್ಲಿ ಸಾಕುತ್ತೇನೆ. ಪೊರೆ ಬಿಟ್ಟಾಗ ಕಂದಾಗಿಯೇ ಎದ್ದರೆ ನಾನು ಗೆದ್ದೆ. ಕಪ್ಪಗೆ ಎದ್ದರೆ ನಿನಗೆ ಕೈಮುಗಿಯುತ್ತೇನೆ.

ತುಂಬಾ ದಿನ ಕಾದ. ಜೇಡಕ್ಕೆ ಅವಸರವಿರಲಿಲ್ಲ. ಎಪ್ಪತ್ತೊಂಬತ್ತರ ಬೇಸಿಗೆಗೆ ಅದು ಜಿರಲೆ ಮುಟ್ಟುವುದನ್ನು ಬಿಟ್ಟಿತು, ಬಣ್ಣ ಮಾಸಿತು. ‘ಇನ್ನೇನು ಬಿಡ್ತೈತೆ ಕಣೇ, ಕಣ್ಣಿಟ್ಟು ನೋಡ್ಕೋ’ ಅಂದ. ಅಷ್ಟರಲ್ಲೇ ಅವನಿಗೆ ಕಾಮಾಲೆ ಹಿಡಿಯಿತು. ಸೊಪ್ಪಿನ ಔಷಧಿಗೂ ಪಥ್ಯಕ್ಕೂ ನಲ್ಲೂರಿನ ಅಕ್ಕನ ಮನೆಗೆ ಹೋದ.

ಅವನು ಹೋದ ಮೇಲೆ ಒಂದು ಬೆಳಗ್ಗೆ ಶಿವಗಂಗಮ್ಮ ನೋಡಿದರೆ ಜೇಡ ಅಂಗಾತ ಬಿದ್ದಿದೆ. ಕಾಲು ಮೇಲೆ. ಬಾಟಲಿ ಅಲ್ಲಾಡಿಸಿದಳು. ಮಿಸುಕಲಿಲ್ಲ.

ಗಂಡ ಹಾಸಿಗೆಯಲ್ಲಿರುವಾಗ ಮನೆಯಲ್ಲಿ ಸಾವು. ತಿಪ್ಪೆಗೆ ಎಸೆಯಲು ಮನಸ್ಸು ಬರಲಿಲ್ಲ, ಅವನ ಜೀವ ಅದರ ಮೇಲಿತ್ತು. ನಮ್ಮವರಿಗೆ ಮಾಡುವ ಹಾಗೆ ಹಿತ್ತಲಲ್ಲಿ ಗುಣಿ ತೋಡಿದಳು. ಚಿಟಿಕೆ ವಿಭೂತಿ ಹಾಕಿದಳು. ಮಣ್ಣು ಮಾಡಿ, ಮೇಲೆ ಕಲ್ಲು ಹೇರಿದಳು.

ಆಮೇಲೆ ಭಯ ಹುಟ್ಟಿತು. ಬಂದು ಕೇಳಿದರೆ ಏನು ಹೇಳುವುದು? ಕಾಯಿಲೆಯವನಿಗೆ ಸತ್ತ ಸುದ್ದಿ ಹೇಳಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಅವಳಿಗೆ ಬೈಗುಳದ ಹೆದರಿಕೆ. ಕೊಡ ನೀರು ಹೊತ್ತು ಗದ್ದೆಯ ಬದುವಿಗೆ ಹೋದಳು. ಬಿಲಕ್ಕೆ ನೀರು ಹೊಯ್ದಳು. ಹೊರಬಂದ ಕಪ್ಪು ಜೇಡವನ್ನು ಚೊಂಬಿನಲ್ಲಿ ಮುಚ್ಚಿ ತಂದು ಬಾಟಲಿಗೆ ಬಿಟ್ಟಳು. ಜೀವಂತ ಒಂದು ಇದ್ದರೆ ಸಾಕು, ಕಾಮಾಲೆಯವನ ಮಂಕು ಕಣ್ಣಿಗೆ ಬಣ್ಣ ಎಲ್ಲಿ ಕಂಡೀತು ಅಂದುಕೊಂಡಳು.

ಕಲ್ಲೇಶಪ್ಪ ಬಂದವನು ಚೀಲ ಇಳಿಸುವ ಮೊದಲೇ ಬಾಟಲಿ ಎತ್ತಿದ.

‘ಪೊರೆ ಬಿಟ್ಟೈತೆ! ಯಾವಾಗ?’

‘ಮೊನ್ನೆ.’

‘ಪೊರೆ ಎಲ್ಲಿ?’

‘ಗುಡಿಸಿ ಹಾಕಿದೆ.’

ಅವನು ಬಾಗಿಲ ಬೆಳಕಿಗೆ ಹೋಗಿ ತಿರುಗಿಸಿ ತಿರುಗಿಸಿ ನೋಡಿದ. ‘ಗೆರೆ ಕೂಡ ಬಂದೈತಲ್ಲೇ’ ಅಂದ, ಮೆಲ್ಲಗೆ. ಆಗಲಾದರೂ ಹೇಳಬಹುದಿತ್ತು. ಅವಳು ಒಲೆಗೆ ಸೌದೆ ತುರುಕಿದಳು.

ಮರುದಿನ ಅವನು ಸ್ಟ್ಯಾಂಡಿಗೆ ಹೋಗಿ ಎಲ್ಲರೆದುರು ರೇವಣ್ಣನಿಗೆ ಕೈಮುಗಿದ. ‘ನೀನೇ ಸರಿ ಕಣಪ್ಪ. ಇಷ್ಟು ವರ್ಷ ನಾನು ಕುರುಡ.’ ಸಂಜೆ ಉಳಿದ ಬಾಟಲಿಗಳನ್ನೆಲ್ಲ ಹೊಲದ ಕಡೆ ಒಯ್ದು ಜೇಡಗಳನ್ನು ಬಿಟ್ಟು ಬಂದ. ಆ ಒಂದನ್ನು ಮಾತ್ರ, ‘ಇದು ನಂಗೆ ಬುದ್ಧಿ ಕಲಿಸಿದ್ದು, ಇರಲಿ’ ಎಂದು ಇಟ್ಟ. ಮತ್ತೆ ಅದರತ್ತ ತಿರುಗಿ ನೋಡಲಿಲ್ಲ. ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗೂಡು ಖಾಲಿಯಾಗಲಿ ಎಂದು ಅವಳು ಎಷ್ಟೋ ಸಲ ಶಪಿಸಿದ್ದಳು. ಖಾಲಿಯಾದ ಮೇಲೆ ಅಲ್ಲಿ ಉಪ್ಪಿನ ಮಡಕೆ ಇಡಲೂ ಅವಳಿಗೆ ಕೈ ಬರಲಿಲ್ಲ.

ಎಂಬತ್ತೊಂದರಲ್ಲಿ ಒಂದು ಮಧ್ಯಾಹ್ನ, ಮದುವೆ ದಿಬ್ಬಣ ಇಳಿಸಲು ನ್ಯಾಮತಿಗೆ ಹೋದವನು ಬಸ್ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆ ಇಟ್ಟ. ಎತ್ತಲಿಲ್ಲ.

ಅವನ ತಿಂಗಳ ಪೂಜೆ ಮುಗಿದ ವಾರದಲ್ಲೇ ಆ ಜೇಡವೂ ಅಂಗಾತ ಬಿತ್ತು. ಶಿವಗಂಗಮ್ಮ ಅತ್ತು, ಸಲಿಕೆ ತಂದಳು. ಬಾಟಲಿ ಎತ್ತುವಾಗ ಒಂದು ಕಾಲು ಸೆಳೆದ ಹಾಗಾಯಿತು. ಅವಳು ಬಾಟಲಿ ಕೆಳಗಿಟ್ಟು ನೋಡುತ್ತ ಕೂತಳು. ಬೆನ್ನಿನ ಚಿಪ್ಪು ಸೀಳಿತು. ಕೈಗವಸಿನಿಂದ ಬೆರಳು ಎಳೆದುಕೊಳ್ಳುವ ಹಾಗೆ ಒಂದೊಂದೇ ಕಾಲು ಹೊರಬಂತು. ಹೊತ್ತು ಇಳಿಯುವಷ್ಟರಲ್ಲಿ ಪೊರೆ ಒಂದು ಕಡೆ, ಹೊಸ ಕಪ್ಪಿನ ಜೇಡ ಒಂದು ಕಡೆ.

ಅಂಗಾತ ಬೀಳುವುದು ಸಾವಲ್ಲ. ತಾನು ಹೂತದ್ದು ಏನು ಎಂಬುದು ಅವಳಿಗೆ ಆಗ ಗೊತ್ತಾಯಿತು.

ಬೆಳಗ್ಗೆ ಟೈರ್ ಅಂಗಡಿಗೆ ಹೋಗಿ ರೇವಣ್ಣನಿಗೆ ಎಲ್ಲ ಹೇಳಿದಳು. ಅವನು ಟ್ಯೂಬು ಕೆಳಗಿಟ್ಟ.

‘ಹಂಗಾದ್ರೆ ಗೆದ್ದೋರು ಯಾರವ್ವ?’

‘ಯಾರೂ ಇಲ್ಲ. ನೋಡಾಕೆ ನಾನು ಬಿಡಲಿಲ್ಲ. ಅವರು ಸೋತಿರಲಿಲ್ಲ ಅಂತ ಎಲ್ಲರ ಮುಂದೆ ಹೇಳಣ್ಣ.’

‘ಹಳೇ ಮಾತು ತಾಯಿ. ಜನ ನಗ್ತಾರೆ.’

‘ಅವರು ಕೈಮುಗಿದಾಗ್ಲೂ ನಕ್ಕಿದ್ರಲ್ಲ.’

ರೇವಣ್ಣ ಎದ್ದು, ನಿಂತಿದ್ದ ಬಸ್ಸುಗಳ ಕಡೆ ಹೋಗಿ ಕೂಗಿ ಹೇಳಿದ. ಇಬ್ಬರು ಕಂಡಕ್ಟರುಗಳು ತಿರುಗಿ ನೋಡಿದರು. ಉಳಿದವರು ಹೊಸಬರು, ಕಲ್ಲೇಶಪ್ಪ ಯಾರೆಂದು ಕೇಳಿದರು.

ಹೇಳಿಸಿದ್ದರಿಂದ ಅವಳಿಗೆ ಹಗುರವಾಗಲಿಲ್ಲ. ಕಲ್ಲಿನ ಕೆಳಗೆ, ಕತ್ತಲಲ್ಲಿ, ಆ ಜಗಳೂರ ಜೇಡ ಪೊರೆ ಬಿಟ್ಟು ಎದ್ದಿತೋ ಏನೋ. ಎದ್ದಿದ್ದರೆ ಯಾವ ಬಣ್ಣದಲ್ಲಿ ಎದ್ದಿತೋ.