ಪತ್ರಿಗಿಡ ಚಿಗುರಿದ ದಿನ

ಶಿಗ್ಗಾಂವಿಯಲ್ಲಿ ನಮ್ಮದು ಮೇಲಂತಸ್ತಿನ ಬಾಡಿಗೆ ಮನೆ. ಹೊರಗೆ ಹಸಿರು ಇಟ್ಟರೆ ಮಂಗಗಳು ಬಿಡುವುದಿಲ್ಲ. ಹಾಗಾಗಿ ಬಿಲ್ವಪತ್ರಿಯ ಗಿಡ ಪಡಸಾಲೆಯ ಕಿಟಕಿಯ ಕೆಳಗೆ, ಕುಂಡದಲ್ಲೇ ಬೆಳೆಯಿತು. ಅದನ್ನು ತಂದವಳು ವೈನಿ, ನನ್ನ ಅಣ್ಣನ ಹೆಂಡತಿ. ಅವ್ವನ ಲಿಂಗಪೂಜೆಗೆ ಪತ್ರಿ ಮನೆಯಲ್ಲೇ ಸಿಗಲೆಂದು, ಹತ್ತಿಮತ್ತೂರಿನ ತವರಿನಿಂದ ಸಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಆಗ ಅವ್ವ ಬಂದವರಿಗೆಲ್ಲ ಗಿಡ ತೋರಿಸಿ, ಸೊಸೆ ತಂದದ್ದು ಎನ್ನುತ್ತಿದ್ದಳು.

ಸೊಂಟದೆತ್ತರ ಬಂದ ಮೇಲೆ ಗಿಡಕ್ಕೆ ಏನೋ ಆಯಿತು. ಮೊದಲು ಎಲೆಯ ಅಂಚು ಕಂದಿತು. ಆಮೇಲೆ ನರಗಳ ನಡುವೆ ಹಳದಿ ಹಬ್ಬಿತು. ಗಾಳಿ ಇಲ್ಲದಾಗಲೂ ಎಲೆಗಳು ಉದುರತೊಡಗಿದವು. ವೈನಿ ಬಿಸಿಲು ಸರಿದಂತೆ ಕುಂಡ ಸರಿಸುತ್ತಿದ್ದಳು, ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದಳು.

ಒಂದು ಬೆಳಿಗ್ಗೆ, ಚಹಾ ಸೋಸುತ್ತಿದ್ದ ವೈನಿಗೆ ಕೇಳುವಂತೆ, ಅವ್ವ ನನ್ನ ಮುಖ ನೋಡಿ ಹೇಳಿದಳು.

"ಕಡಿಗಾದಾಗ ಮುಟ್ಟ್ಯಾಳ. ದೇವರ ಗಿಡ, ತಡಕೊಂತೈತೇನು?"

ಮುಟ್ಟಿನ ದಿನಗಳಲ್ಲಿ ವೈನಿ ಆ ಕಿಟಕಿಯ ಕಡೆಗೇ ಹೋಗುತ್ತಿರಲಿಲ್ಲ. ನೀರು ಹಾಕಲು ನನಗೆ ಹೇಳುತ್ತಿದ್ದಳು. ನಾನು ಅದನ್ನೇ ಹೇಳಿದೆ. ಅವ್ವ ಒಪ್ಪಲಿಲ್ಲ. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಅದೇ ವಾರ ಅವನು ವೈನಿಯನ್ನು ತವರಿನ ಬಸ್ಸು ಹತ್ತಿಸಿದ. ಗಿಡ ಸುಧಾರಿಸಲಿ, ಬಂದು ಕರೆದುಕೊಂಡು ಹೋಗುತ್ತೇನೆ ಎಂದು ನನ್ನೆದುರೇ ಅವಳಿಗೆ ಹೇಳಿದ.

ಕುಂಡದ ಕೆಲಸ ನನ್ನದಾಯಿತು. ಕೆದಕಿ ನೋಡಿದರೆ ಮೇಲಿನ ಮಣ್ಣು ಬೂದಿಯಂತೆ ಬಿಳಿಚಿ ಗಟ್ಟಿಯಾಗಿತ್ತು. ಅದರ ಕೆಳಗೆ ಒಡೆದ ಹಾಲಿನ ನಾತ. ಬೇರುಗಳು ಕಪ್ಪಾಗಿ ಬೆರಳಿಗೆ ಜಾರುತ್ತಿದ್ದವು. ಅವ್ವ ಲಿಂಗಕ್ಕೆ ಹಾಲೆರೆದು, ವಿಭೂತಿ ತೊಳೆದು, ಆ ನೀರನ್ನು ಯಾರೂ ತುಳಿಯಬಾರದೆಂದು ದಿನಾ ಅದೇ ಕುಂಡಕ್ಕೆ ಸುರಿಯುತ್ತಿದ್ದಳು. ಮೆಟ್ಟಿಲಿಳಿದು ಅಂಗಳಕ್ಕೆ ಹೋಗಲು ಅವಳ ಮೊಣಕಾಲು ಬಿಡುತ್ತಿರಲಿಲ್ಲ. ನೆಲದ ಮಣ್ಣಾಗಿದ್ದರೆ ಅಷ್ಟನ್ನೂ ಕುಡಿಯುತ್ತಿತ್ತು. ಕುಂಡದಲ್ಲಿ ಎಲ್ಲ ಅಲ್ಲೇ ಉಳಿಯಿತು.

ಅಂಗೈಯಲ್ಲಿ ಮಣ್ಣು ಹಿಡಿದು ಅವ್ವನಿಗೆ ತೋರಿಸಿ, ಬೇರು ಕೊಳೆತದ್ದು ಆ ನೀರಿಗೇ ಎಂದೆ.

"ಕಾಲೇಜಿನ್ಯಾಗ ಇದನ್ನ ಕಲಿಸ್ಯಾರೇನವಾ, ಲಿಂಗದ ನೀರು ವಿಷ ಅಂತ?" ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ.

ಗಿಡ ಬದುಕಿದರೆ ಸಾಕು, ವೈನಿ ಬರುತ್ತಾಳೆ ಅಂದುಕೊಂಡೆ. ಕೊಳೆತ ಬೇರು ಕತ್ತರಿಸಿದೆ, ಹೊಸ ಮಣ್ಣು ತುಂಬಿದೆ. ಪೂಜೆಯ ನೀರನ್ನು ನಾನೇ ಕೆಳಗಿನ ತೆಂಗಿನ ಬುಡಕ್ಕೆ ಒಯ್ಯತೊಡಗಿದೆ. ಅವ್ವ ಬೇಡ ಅನ್ನಲಿಲ್ಲ.

ಒಂದು ಸೋಮವಾರ ಟೊಂಗೆಯ ತುದಿಯಲ್ಲಿ ಕೆಂಪು ಚಿಗುರು ಕಂಡಿತು. ಅವ್ವನನ್ನೂ ಅಣ್ಣನನ್ನೂ ನಾನೇ ಕರೆದೆ. ಅವ್ವ ಕನ್ನಡಕ ಸರಿಮಾಡಿಕೊಂಡು, ಬಾಗಿ, ಬಹಳ ಹೊತ್ತು ನೋಡಿದಳು.

"ನೋಡಪಾ," ಎಂದಳು ಅಣ್ಣನಿಗೆ, ಮೆಲ್ಲಗೆ. "ಆಕಿ ಹ್ವಾದ ಮ್ಯಾಲ ಚಿಗತೈತಿ."

ಮಣ್ಣಿನ ಮಾತನ್ನು ಮತ್ತೆ ಹೇಳಿದೆ, ಈ ಸಲ ಜೋರಾಗಿ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ತನ್ನ ಕಾಳಿನ ಅಂಗಡಿಗೆ ಹೋದ.

ಸಂಜೆ ಅವನು ಮನೆಗೆ ಬಂದ ಮೇಲೆ ವೈನಿಯ ಫೋನ್ ಬಂತು. ಎಂದಿನಂತೆ ಗಿಡ ಹೇಗಿದೆ ಎಂದು ಕೇಳಿದಳು. ಚಿಗುರಿದೆ ಎಂದೆ. ಅವಳು ಅದನ್ನು ತನ್ನ ತಾಯಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು.

"ಹಂಗಾರ ನಿಮ್ಮಣ್ಣಾರು ಯಾವಾಗ ಬರ್ತಾರಂತ?" ಎಂದಳು. "ಬ್ಯಾಗ್ ತುಂಬಿ ಇಡ್ಲೇನು?"

ಅಣ್ಣ ಎದುರಿಗೇ ಕುಳಿತಿದ್ದ. ಫೋನನ್ನು ಅವನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.