ತಂದೂರಿನ ಬಾಯಿ, ನನ್ನ ತಮ್ಮನ ಹೊಟ್ಟೆ

ನನ್ನ ತಮ್ಮ ಯಿಗಿತಾಲಿ ತಂದೂರಿನ ಬಾಯಲ್ಲಿ ಸಿಕ್ಕಿಹಾಕಿಕೊಂಡಾಗ ನಾನು ಪಕ್ಕದಲ್ಲೇ ಹಿಟ್ಟಿನ ಉಂಡೆಗಳಿಗೆ ಬಟ್ಟೆ ಹೊದಿಸುತ್ತಿದ್ದೆ. ಅವನು ಒಳಗೆ ಬಗ್ಗಿ ತಂದೂರಿನ ನೆತ್ತಿಗೆ, ಅಂದರೆ ಒಳಗಿನ ಮೇಲ್ಗೋಡೆಗೆ, ಕೊನೆಯ ರೊಟ್ಟಿ ಬಡಿದ ಸದ್ದು ಕೇಳಿತು. ಆಮೇಲೆ ಹೊರಗೆ ಬರಲೇ ಇಲ್ಲ. ಸೊಂಟದಿಂದ ಕೆಳಗಿನ ತಮ್ಮ ಮಾತ್ರ ನನಗೆ ಕಾಣುತ್ತಿದ್ದ. ಒಳಗಿನಿಂದ ಹಂಡೆಯಲ್ಲಿ ಮಾತಾಡಿದಂಥ ದನಿ ಬಂತು: “ಎಳೀರೋ! ಯಾರಾದ್ರೂ ಎಳೀರೋ!”

ರೊಟ್ಟಿಮನೆಯ ಪಾಲುದಾರ ಸತ್ತೋರ್ ಓಡಿಬಂದು ಅವನ ನಡುವಸ್ತ್ರ ಹಿಡಿದು ಜಗ್ಗಿದ. ಸೀಸೆಯ ಬಿರಡೆ ಕಿತ್ತ ಹಾಗೆ ಯಿಗಿತಾಲಿ ಹೊರಗೆ ಬಂದು ಹಿಟ್ಟಿನ ಮೂಟೆಯ ಮೇಲೆ ಬಿದ್ದ. ಮುಖ ಕೆಂಡವಾಗಿತ್ತು. ಹುಬ್ಬುಗಳು ಇರಲಿಲ್ಲ.

“ರೊಟ್ಟಿ ಸುಡೋಕೆ ಹೋದ್ಯೋ, ನೀನೇ ಬೇಯೋಕೆ ಹೋದ್ಯೋ?” ಎಂದ ಸತ್ತೋರ್.

ಸಂಜೆಯೊಳಗೆ ಸುದ್ದಿ ನಮ್ಮೂರು ಮರ್ಗಿಲಾನ್ ತುಂಬ ಹಬ್ಬಿತು. ಮೂಲೆಯ ಕ್ಷೌರಿಕ ಅಂಗಡಿಯಿಂದಲೇ ಕೂಗಿದ: “ಹುಬ್ಬು ತೆಗೆಸೋದಿದ್ರೆ ನನ್ನ ಹತ್ರ ಬರ್ಬಾರ್ದಿತ್ತೇನೋ ಯಿಗಿತಾಲಿ? ಬೆಂಕಿ ಹತ್ರ ಯಾಕೆ ಹೋದೆ?” ರೊಟ್ಟಿಗೆ ಬಂದ ಹೆಂಗಸರು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವನೂ ನಕ್ಕ. ಆದರೆ ಆ ನಗುವನ್ನು ನಾನು ಅವನು ಮಗುವಾಗಿದ್ದಾಗಿನಿಂದ ಬಲ್ಲೆ. ಅಮ್ಮ ಸತ್ತಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಎತ್ತಿ ಆಡಿಸಿದ್ದು ನಾನು. ಅಳು ಬರುವ ಮುಂಚೆ ಅವನು ಹೀಗೇ ನಗುತ್ತಿದ್ದ.

ಗಂಡ ತೀರಿಕೊಂಡ ಮೇಲೆ ನಾನು ಅಪ್ಪನ ಅಂಗಳಕ್ಕೇ ವಾಪಸು ಬಂದಿದ್ದೆ. ಅಂಗಳದ ಬೀದಿಯ ಬದಿಗೆ ನಮ್ಮ ರೊಟ್ಟಿಮನೆ. ಅದು ಅರ್ಧ ತಮ್ಮನದು, ಅರ್ಧ ನಮ್ಮ ದೊಡ್ಡಪ್ಪನ ಮಗ ಸತ್ತೋರನದು. ಒಳಗೆ ಅಪ್ಪ ಕೂರಿಸಿದ ತಂದೂರು. ಎದೆಮಟ್ಟಕ್ಕೆ ಓರೆಯಾಗಿ ಕೂತು ಮುಂದಕ್ಕೆ ಬಾಯಿ ತೆರೆದಿರುತ್ತದೆ. ಕೆಳಸಾಲುಗಳಿಗೆ ಯಾರು ಬೇಕಾದರೂ ರೊಟ್ಟಿ ಬಡಿಯಬಹುದು. ನೆತ್ತಿಗೆ ಬಡಿಯಬೇಕಾದರೆ ಮಾತ್ರ ಭುಜ, ಎದೆ, ಅರ್ಧ ಹೊಟ್ಟೆ ಎಲ್ಲ ಒಳಗೆ ಹೋಗಬೇಕು, ಉಸಿರು ಬಿಗಿಹಿಡಿದು ಬಡಿದು ತಕ್ಷಣ ಈಚೆ ಬರಬೇಕು. ನಮ್ಮ ಕಡೆ ಹಾಗೆ ಒಳಗೆ ಹೋಗಿ ಬರುವವನೇ ರೊಟ್ಟಿಯವನು. ಹಿಟ್ಟು ನಾದುವವನು, ಎಳ್ಳು ಉದುರಿಸುವವನು, ಮಾರುವವನು ಎಲ್ಲ ಕೆಲಸದವರು, ಅಷ್ಟೆ.

ತಮ್ಮನಿಗೆ ಐವತ್ತು ಹತ್ತಿರವಾಗಿತ್ತು. ಬಿಸಿ ರೊಟ್ಟಿ, ಕೆನೆ, ಮೇಲೆ ಕುರಿಯ ಬಾಲದ ಕೊಬ್ಬು. ಇಷ್ಟು ವರ್ಷ ಇದೇ ನಡೆದಿತ್ತು. ತಂದೂರಿನ ಬಾಯಿ ಮಾತ್ರ ಅಪ್ಪ ಮಾಡಿದಷ್ಟೇ ಇತ್ತು.

ಅವತ್ತು ಚಹಾದ ಮುಂದೆ ಕೂತು ಸತ್ತೋರ್ ಮಾತು ತೆಗೆದ. “ನೋಡು, ಬಾಯಿ ಅಗಲ ಮಾಡಿದ್ರೆ ಕಾವು ನಿಲ್ಲಲ್ಲ. ನಿನ್ನ ಹೊಟ್ಟೆಗೋಸ್ಕರ ಚಿಕ್ಕಪ್ಪನ ತಂದೂರು ಒಡೆಯೋಕೆ ನನಗೆ ಮನಸ್ಸಿಲ್ಲ. ನನ್ನ ಅಳಿಯ ಎರ್ಗಶ್ ಇದ್ದಾನೆ, ಸಣ್ಣಗೆ ಹಾವಿನ ಹಾಗೆ. ಅವನು ನಿಲ್ಲಲಿ. ನೀನು ಮಾರೋ ಕಡೆ ಕೂತ್ಕೋ, ಆರಾಮು.”

“ಆರಾಮು ನಿನಗಿರಲಿ ಸತ್ತೋರಣ್ಣ. ಹಬ್ಬದ ತನಕ ಟೈಮ್ ಕೊಡು.”

“ಯಾತಕ್ಕೆ?”

“ಕರಗಿಸ್ತೀನಿ.”

ಸತ್ತೋರ್ ಅವನ ಹೊಟ್ಟೆಯನ್ನು ಒಮ್ಮೆ, ಎದುರಿದ್ದ ತಟ್ಟೆಯನ್ನು ಒಮ್ಮೆ ನೋಡಿದ. “ಸರಿ. ಅಲ್ಲೀತನಕ ಎರ್ಗಶ್ ನಿಲ್ಲಲಿ. ರಂಜಾನ್ ಹಬ್ಬದ ಹಿಂದಿನ ದಿನ ಒಂದು ತಂದೂರು ಪೂರ್ತಿ ನೀನೊಬ್ಬನೇ ತುಂಬಿಸು. ಹಿಂದೆ ನಿಂತು ಯಾರೂ ಎಳೆಯೋ ಹಾಗಿಲ್ಲ. ಆಗ್ಲಿಲ್ಲ ಅಂದ್ರೆ ಎರ್ಗಶ್ ಅಲ್ಲೇ ನಿಲ್ತಾನೆ. ಮತ್ತೆ ನನ್ನ ಹತ್ರ ಮುಖ ಊದಿಸಬಾರದು.” ಇಬ್ಬರೂ ಕೈ ಹಿಡಿದು ಕುಲುಕಿದರು. ಆಗ ಇನ್ನೂ ಚಳಿಗಾಲ ಶುರುವಾಗಿತ್ತಷ್ಟೆ.

ಕಸರತ್ತನ್ನು ಮನೆಗೆ ತಂದವಳು ಅವನ ಮಗಳು ಆಯ್ದಿನ್. ನರ್ಸ್ ಕೆಲಸ ಕಲಿಯುತ್ತಿದ್ದಳು. ಅವಳ ಫೋನಿನೊಳಗೆ ತೋಳಿಲ್ಲದ ಬನಿಯನ್ನಿನ ಹುಡುಗನೊಬ್ಬ ರಷ್ಯನ್ ಭಾಷೆಯಲ್ಲಿ ಕಿರುಚುತ್ತ ಹಾರುತ್ತಿದ್ದ, ಬೀಳುತ್ತಿದ್ದ, ಮತ್ತೆ ಹಾರುತ್ತಿದ್ದ.

“ಅಪ್ಪ, ಇದು ಕಷ್ಟದ್ದು. ಹೊಸಬರಿಗೆ ಅಂತ ಬೇರೆ ಇದೆ, ಅದನ್ನ ಹಾಕ್ತೀನಿ.”

“ಹೊಸಬರದ್ದು ಮುಗಿಯೋ ಹೊತ್ತಿಗೆ ಎರ್ಗಶ್‌ಗೆ ಮೊಮ್ಮಕ್ಕಳಾಗಿರ್ತಾವೆ. ಕಷ್ಟದ್ದೇ ಹಾಕು.”

ಮಾರನೆಯ ದಿನ ಮಧ್ಯಾಹ್ನ ತಮ್ಮನ ಹೆಂಡತಿ ಮುಹಯ್ಯೊ ದೊಡ್ಡ ಕೋಣೆಯಲ್ಲಿ ಅವನಿಗೆ ಹತ್ತಿಯ ಹಾಸುಗಳನ್ನು ಒಂದರ ಮೇಲೊಂದು ಹಾಸಿಕೊಟ್ಟಳು. ಗಂಡಸು ಬರಿನೆಲದ ಮೇಲೆ ಮಲಗಿದರೆ ಬೆನ್ನಿಗೆ ಶೀತ ಹಿಡಿಯುವುದಿಲ್ಲವೇ? ನಾನೂ ಇನ್ನೊಂದು ಹಾಸು ತಂದು ಸೇರಿಸಿದೆ. ಯಿಗಿತಾಲಿ ದಂಡ ಹೊಡೆಯಲು ಅಂಗೈ ಊರಿದ. ಕೈಗಳು ಮಣಿಕಟ್ಟಿನವರೆಗೆ ಹತ್ತಿಯೊಳಗೆ ಇಳಿದವು, ಮೂಗು ಹಾಸಿಗೆ ತಾಗಿತು, ಹಾಗೇ ಮಲಗಿಬಿಟ್ಟ. ಏಳಲು ಆಗಲಿಲ್ಲ. ಫೋನಿನ ಹುಡುಗ ಮುಂದಿನದಕ್ಕೆ ಹೋಗಿದ್ದ.

“ಸತ್ರಾ?” ಎಂದಳು ಮುಹಯ್ಯೊ.

“ಇಲ್ಲ ಕಣೇ,” ಎಂದು ಹಾಸಿನೊಳಗಿನಿಂದ ಉತ್ತರ ಬಂತು. “ಆದ್ರೆ ಹೇಳೋಕಾಗಲ್ಲ.”

ಹಾಸುಗಳನ್ನು ತೆಗೆಸಿ ಅಂಗಳಕ್ಕೆ ಬಂದ. ದ್ರಾಕ್ಷಿ ಚಪ್ಪರದ ಕೆಳಗೆ ಬರಿಯ ಇಟ್ಟಿಗೆಯ ಮೇಲೆ ಬಸ್ಕಿ ಹೊಡೆದ, ಹಾರಿದ, ಗೋಡೆ ಹಿಡಿದು ನಿಂತು ಏದುಸಿರು ಬಿಟ್ಟ. ಮೊಣಕೈ ಊರಿ ದೇಹವನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿಯುವುದು ಅಂತ ಒಂದಿತ್ತು. ಅದನ್ನು ಅವನು ‘ಹಲಗೆ’ ಎಂದೇ ಕರೆದ. ಹೊಟ್ಟೆ ಇಟ್ಟಿಗೆಗೆ ತಾಗಿಯೇ ಇದ್ದುದರಿಂದ ಅದು ಹಲಗೆಯೋ ಮಲಗಿದ್ದೋ ನನಗಂತೂ ಗೊತ್ತಾಗಲಿಲ್ಲ. ಪಕ್ಕದ ಮನೆಯ ಮುದುಕ ಗೋಡೆಯ ಮೇಲಿಂದ ಇಣುಕಿದ. “ಏನಪ್ಪಾ, ಏನಾದ್ರೂ ಬೀಳಿಸ್ಕೊಂಡ್ಯಾ? ನನ್ನ ಮಗನ್ನ ಕಳಿಸ್ಲಾ ಹುಡುಕೋಕೆ?”

ಮರುದಿನ ಅವನಿಗೆ ಕೈ ಎತ್ತಿ ಮುಖ ತೊಳೆಯಲು ಆಗಲಿಲ್ಲ. ಕಕ್ಕಸಿಗೆ ಹೋದವನು ಕುಕ್ಕರಗಾಲಿನಿಂದ ಏಳಲಾರದೆ ಬಾಗಿಲ ಚಿಲಕ ಹಿಡಿದು ಜಗ್ಗಿದ, ಚಿಲಕ ಕಿತ್ತುಬಂತು. ನಾನು ಕುರಿಯ ಬಾಲದ ಕೊಬ್ಬು ಬಿಸಿಮಾಡಿ ತೊಡೆಗೆ, ಭುಜಕ್ಕೆ ತಿಕ್ಕಿದೆ. ಆ ವಾಸನೆಗೆ ಅವನಿಗೆ ಹಸಿವಾಯಿತು. “ಅಕ್ಕಾ, ಹಚ್ಚೋದು ಬಿಟ್ಟು ಸ್ವಲ್ಪ ಬಾಯಿಗೆ ಹಾಕು,” ಎಂದ. ಹಾಕಲಿಲ್ಲ. ಹಾಕಬೇಕೆಂದು ಕೈ ಹಾತೊರೆಯಿತು, ಆದರೂ ಹಾಕಲಿಲ್ಲ.

ಹೀಗೆ ಶುರುವಾಯಿತು. ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಕೈಗೆ ಬೇರೆ ಕೆಲಸ ಹಿಡಿಸಲಿಲ್ಲ. ಮಾರುವ ಮೇಜಿನ ಹಿಂದೆ ಕೂತು ಅಂಗೈಯಿಂದ ಮೇಜನ್ನೇ ತಟ್ಟುತ್ತಿದ್ದ. ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ, ಯಾರೂ ಇಲ್ಲ ಅಂದುಕೊಂಡು, ತಣ್ಣಗಿದ್ದ ತಂದೂರಿನ ಬಾಯಿಗೆ ಹೊಟ್ಟೆ ಒತ್ತಿ ನೋಡುತ್ತಿದ್ದ. ಅಂಗಿಯ ಮೇಲೆ ಕಮಾನಿನ ಹಾಗೆ ಮಸಿ ಮೂಡುತ್ತಿತ್ತು. ಮುಹಯ್ಯೊ ಬಟ್ಟೆ ಒಗೆಯುವಾಗ ಆ ಮಸಿ ನೋಡಿ ಇನ್ನಷ್ಟು ಸೋಪು ಹಚ್ಚುತ್ತಿದ್ದಳು. ಒಮ್ಮೆ ನನ್ನ ಕಡೆ ತಿರುಗಿ, “ಅತ್ತಿಗೆ, ಇವತ್ತು ಕಮಾನು ಸ್ವಲ್ಪ ಚಿಕ್ಕದು ಅನ್ಸುತ್ತೆ ಅಲ್ವಾ?” ಎಂದಳು. ನನಗೆ ಹಾಗೇನೂ ಕಾಣಲಿಲ್ಲ. ಹೂಂ ಎಂದೆ.

ಆಮೇಲೆ ಬಂತು ಮದುವೆಯ ಪಲಾವ್. ನಮ್ಮ ಮೊಹಲ್ಲಾದಲ್ಲಿ ಮದುವೆ ಎಂದರೆ ಬೆಳಿಗ್ಗೆ ಗಂಡಸರಿಗೆಲ್ಲ ಪಲಾವ್. ಹೋಗದಿದ್ದರೆ ಆ ಮನೆಯವರ ಮುಖ ನೋಡುವ ಹಾಗಿರುವುದಿಲ್ಲ. ಹೋದಮೇಲೆ ತಿನ್ನದಿದ್ದರೆ ಅದಕ್ಕಿಂತ ಅವಮಾನ. ಒಂದು ಹಿಡಿ ತಿಂದು ಬರುತ್ತೇನೆ ಎಂದು ಹೋದ. ಪಕ್ಕದಲ್ಲಿ ಕೂತವರು, “ತಿನ್ನಪ್ಪಾ, ನೀನು ಹೆಂಗಸರ ಹಾಗೆ ತೆಳ್ಳಗಾಗಿ ಯಾರಿಗೆ ತೋರಿಸ್ಬೇಕು?” ಎಂದರಂತೆ. ತಟ್ಟೆ ಬರಿದಾದಾಗಲೆಲ್ಲ ಇನ್ನೊಂದು ಬಂತಂತೆ. ಮನೆಗೆ ಬಂದು ಫೋನು ಹಾಕಿ ಒಂದು ಸಲ ಹಾರಿದ. ಎರಡನೆಯ ಸಲ ಹಾರಲು ಹೋಗಿ ಚಪ್ಪರದ ಕಂಬ ಹಿಡಿದು ವಾಂತಿ ಮಾಡಿದ.

“ಸಾಕು. ಇದೆಲ್ಲ ಹುಡುಗರ ಆಟ,” ಎಂದು ಫೋನನ್ನು ಮಗಳ ಕೈಗೆ ಕೊಟ್ಟ. “ನಾನು ಮೇಜಿನ ಹಿಂದೇನೇ ಕೂರ್ತೀನಿ.”

ಆಯ್ದಿನ್ ನನ್ನ ಕಡೆ ನೋಡಿದಳು. “ಅತ್ತೆ, ನೀವಾದ್ರೂ ಹೇಳಿ.”

ನಾನು ಕಂಬದ ಬುಡ ತೊಳೆಯಲು ನೀರು ತರಹೋದೆ. ಕೆಲವು ದಿನ ಅಂಗಳ ಸುಮ್ಮನಿತ್ತು. ಅವನ ಧಡಧಡ ಇಲ್ಲದೆ ನಾನೇ ಏನೋ ಕಳೆದುಕೊಂಡವಳ ಹಾಗೆ ಒಳಗೂ ಹೊರಗೂ ಓಡಾಡುತ್ತಿದ್ದೆ. ಅವನು ಬಿಡಿಸಿದ ಬೀಜದ ಸಿಪ್ಪೆಯನ್ನು ಮತ್ತೆ ಬಿಡಿಸುತ್ತಿದ್ದ, ಟೀವಿ ಹಾಕುತ್ತಿದ್ದ, ಆರಿಸುತ್ತಿದ್ದ. ಕರೆದರೆ ಸಿಡುಕುತ್ತಿದ್ದ.

ಅವನನ್ನು ಮತ್ತೆ ಎಬ್ಬಿಸಿದ್ದು ಬೈಗುಳವಲ್ಲ. ಎರ್ಗಶ್ ಆಗಲೇ ದಿನಾ ತಂದೂರಿನ ಮುಂದೆ ನಿಲ್ಲತೊಡಗಿದ್ದ. ಆ ಹುಡುಗನ ಮೇಲೆ ಸುಳ್ಳು ಹೇಳಬಾರದು, ಕೆಲಸಗಾರನೇ. ಒಂದು ಮಧ್ಯಾಹ್ನ ನಮ್ಮ ಹಳೆಯ ಗಿರಾಕಿ, ರೇಷ್ಮೆ ನೇಯುವ ಮುದುಕಿ ಬಂದು ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡು, “ಯಿಗಿತಾಲಿ, ಈಚೆಗೆ ನಿಮ್ಮ ರೊಟ್ಟಿ ಬಹಳ ಚೆನ್ನಾಗಿ ಬರ್ತಿದೆಯಪ್ಪ. ನೆತ್ತಿಯದಂತೂ ಬಂಗಾರ. ಯಾರ ಕೈಯದು?” ಎಂದಳು.

ತಮ್ಮ ಟೋಪಿ ಸರಿಮಾಡಿಕೊಂಡ. “ಸತ್ತೋರಣ್ಣನ ಅಳಿಯಂದು,” ಎಂದ. ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ, ಮುದುಕಿಗೆ ಬಾಗಿಲವರೆಗೆ ಜೊತೆಯಾಗಿ ಹೋದ. ತಿರುಗಿ ಬಂದವನು ಮೇಜಿನ ಹಿಂದೆ ಕೂರಲಿಲ್ಲ. ಅಂಗಳಕ್ಕೆ ಬಂದು, ಅಂಗಿ ತೆಗೆದು ಚಪ್ಪರಕ್ಕೆ ಸಿಕ್ಕಿಸಿ, “ಆಯ್ದಿನ್! ಆ ಕಿರುಚೋ ಹುಡುಗನ್ನ ತಗೊಂಬಾ!” ಎಂದು ಕೂಗಿದ.

ಅವತ್ತಿನಿಂದ ಯಾರ ಮನೆಗೂ ಪಲಾವ್‌ಗೆ ಹೋಗಲಿಲ್ಲ. ಕರೆದವರಿಗೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲವಲ್ಲ. ಕೆನೆ ಬಿಟ್ಟ. ದಂಡ ಹೊಡೆಯುವಾಗ ಇನ್ನೂ ಮಂಡಿ ಊರುತ್ತಿದ್ದ. ಮಂಡಿ ಊರಿದರೂ ನಿಲ್ಲಿಸುತ್ತಿರಲಿಲ್ಲ. ಫೋನಿನ ಹುಡುಗ ಮುಗಿಸಿ ಕೈಬೀಸಿ ಹೋದ ಮೇಲೂ ಇವನು ಉಳಿದದ್ದನ್ನು ಒಬ್ಬನೇ ಗೊಣಗುತ್ತ ಮುಗಿಸುತ್ತಿದ್ದ. ಗೋಡೆಯಾಚೆಯ ಮುದುಕನೂ ಬೇಜಾರಾಗಿ ಇಣುಕುವುದನ್ನು ಬಿಟ್ಟ.

ಅಷ್ಟರಲ್ಲಿ ಉಪವಾಸದ ತಿಂಗಳು ಬಂತು. ಹಗಲು ನೀರೂ ಇಲ್ಲ. “ಈ ತಿಂಗಳು ಬಿಡೋ,” ಎಂದೆ. “ದೇವರಿಗೂ ದೇಹಕ್ಕೂ ಒಟ್ಟಿಗೆ ದುಡಿಯೋಕಾಗಲ್ಲ.”

“ಬಿಟ್ರೆ ಮತ್ತೆ ಹಿಡಿಯಲ್ಲ ಅಕ್ಕಾ. ನನ್ನನ್ನ ನಾನು ಬಲ್ಲೆ.”

ಉಪವಾಸ ಬಿಟ್ಟ ಮೇಲೆ ಮಾಡಲು ನೋಡಿದ, ಹೊಟ್ಟೆಯಲ್ಲಿ ನೀರು ಕುಲುಕಾಡಿತು. ಆಮೇಲೆ ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮುಂಚೆ ಮಾಡತೊಡಗಿದ. ಒಳಗೆ ನಾವು ಖರ್ಜೂರ ಜೋಡಿಸುತ್ತಿದ್ದೆವು, ಹೊರಗೆ ಅವನು ಒಣಗಿದ ತುಟಿಯಲ್ಲಿ ‘ಹಲಗೆ’ ಹಿಡಿಯುತ್ತಿದ್ದ. ಕಿಟಕಿಯಿಂದ ನೋಡಿದಾಗ ತೋಳು ನಡುಗುವುದು ಕಾಣುತ್ತಿತ್ತು. ಒಂದು ಸಂಜೆ ಹೊಟ್ಟೆಗೂ ಇಟ್ಟಿಗೆಗೂ ನಡುವೆ ನಮ್ಮ ಬೆಕ್ಕು ನುಸುಳಿ ಆಚೆ ಹೋಯಿತು. ಮುಹಯ್ಯೊ ನನ್ನ ತೋಳು ಹಿಡಿದು ಗಿಲ್ಲಿದಳು. ದೃಷ್ಟಿಯಾದೀತೆಂದು ಇಬ್ಬರೂ ಖರ್ಜೂರದ ಕಡೆ ತಿರುಗಿದೆವು.

ಹಾಗೆಂದು ಹೊಟ್ಟೆ ಹೋಗಿತ್ತೇ? ಇಲ್ಲ. ಕಡಿಮೆಯಾಗಿತ್ತು, ಅಷ್ಟೆ. ಎರ್ಗಶ್ ಪಕ್ಕ ನಿಂತರೆ ಹೊಟ್ಟೆಯೇ ಕಾಣುತ್ತಿತ್ತು.  ಹಬ್ಬ ಹತ್ತಿರವಾದಷ್ಟೂ ತಮ್ಮನ ಕೈಗೆ ವಿರಾಮವೇ ಇಲ್ಲವಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನವೇ ಬೀದಿಯ ತನಕ ಸಾಲು ನಿಂತಿತ್ತು. ಎಲ್ಲರಿಗೂ ಬೆಣ್ಣೆ ಹಾಕಿದ ದೊಡ್ಡ ರೊಟ್ಟಿ ಬೇಕು. ತಂದೂರಿನ ಗೋಡೆ ಬಿಳುಪಾಗುವ ತನಕ ಕಾಯ್ದಿತ್ತು. ಕೆಂಡ ಒತ್ತರಿಸಿಯಾಗಿತ್ತು. ಸತ್ತೋರ್ ಕೈ ಕಟ್ಟಿಕೊಂಡು ನಿಂತ. ಎರ್ಗಶ್ ನಡುವಸ್ತ್ರ ಬಿಗಿದು ತಯಾರಾಗಿ ನಿಂತಿದ್ದ. ಯಿಗಿತಾಲಿ ದಪ್ಪಂಗಿ ತೊಟ್ಟು, ತೋಳಿಗೆ ನೀರು ಚಿಮುಕಿಸಿ, ಗೋಡೆಗೆ ಬಡಿಯುವ ಕೈದಿಂಬಿಗೆ ಮೊದಲ ರೊಟ್ಟಿ ಹಾಕಿಕೊಂಡ.

ಕೆಳಸಾಲು ಮುಗಿಯಿತು. ನಡುಸಾಲು ಮುಗಿಯಿತು. ನೆತ್ತಿಗೆ ಬಂದ. ತಲೆ ಹೋಯಿತು, ಭುಜ ಹೋಯಿತು. ಹೊಟ್ಟೆ ತಂದೂರಿನ ತುಟಿಗೆ ತಾಗಿದ್ದು ನನಗೆ ಚೆನ್ನಾಗಿ ಕಾಣಿಸಿತು. ಇನ್ನೂ ಸ್ವಲ್ಪ ಒಳಗೆ ಹೋಯಿತು. ಬಡಿದ ಸದ್ದು. ಆಮೇಲೆ ಏನೂ ಇಲ್ಲ. ಎರ್ಗಶ್‌ನ ಕೈ ತಾನಾಗಿ ಅವನ ನಡುವಸ್ತ್ರದ ಕಡೆ ಚಾಚಿತು. ಸತ್ತೋರ್ ಆ ಕೈ ಹಿಡಿದ. “ಮಾತು ಮಾತೇ,” ಎಂದ, ಆದರೆ ಅವನ ಮುಖವೂ ಬೆಳ್ಳಗಾಗಿತ್ತು. ಸುಟ್ಟ ಹಿಟ್ಟಿನ ವಾಸನೆ ಬಂತು.

ಆಗ ತಮ್ಮನ ಬೆನ್ನು ಗಟ್ಟಿಯಾಯಿತು, ಮರದ ಹಾಗೆ. ಒಂದು ಕಾಲು ನೆಲ ಬಿಟ್ಟು ಹಿಂದಕ್ಕೆ ಎದ್ದಿತು. ತಂದೂರಿನ ತುಟಿಯನ್ನು ಹೊಟ್ಟೆಯಿಂದ ಒತ್ತದೆ, ತನ್ನ ಬೆನ್ನಿನ ಬಲದಿಂದಲೇ ಅವನು ನಿಧಾನವಾಗಿ ಈಚೆಗೆ ಬಂದ. ಕಣ್ಣಲ್ಲಿ ನೀರು, ಮೂಗಿನ ಮೇಲೆ ಮಸಿ.

“ಒಂದು ಕೆಂಡಕ್ಕೆ ಬಿತ್ತು,” ಎಂದ ಸತ್ತೋರ್.

“ಬಿತ್ತು. ಇನ್ನೊಂದು ಕೊಡಿ.”

ನಾನು ಕೊಟ್ಟೆ. ಮತ್ತೆ ಒಳಗೆ ಹೋದ, ಮತ್ತೆ ಬಂದ. ಮತ್ತೆ ಹೋದ.  ತಂದೂರು ತುಂಬಿದಾಗ ಸತ್ತೋರ್ ಬಗ್ಗಿ ಒಳಗೆ ಇಣುಕಿ ನೋಡಿದ. ಹೊಗಳಲಿಲ್ಲ, ಅವನ ಜಾಯಮಾನವಲ್ಲ. “ಎರ್ಗಶ್, ನೀನು ಹಿಟ್ಟಿನ ಕಡೆ ಹೋಗಪ್ಪ. ಎರಡನೇ ಸರದಿಯದ್ದು ಉಬ್ಬಿ ಬಟ್ಟೆ ಎತ್ತುತ್ತಾ ಇದೆ,” ಎಂದ.

ಹೊರಗಿನ ಸಾಲಿನಿಂದ ಯಾರೋ, “ಬೇಗ ಕೊಡ್ರೋ, ಹಬ್ಬ ನಾಳೇನೇ, ಮುಂದಿನ ವರ್ಷ ಅಲ್ಲ!” ಎಂದು ಕೂಗಿದರು. ನನಗೆ ಅವನ ಬೆನ್ನು ತಟ್ಟಬೇಕು, ಮುಖ ಒರೆಸಬೇಕು, ಏನಾದರೂ ಮಾಡಬೇಕು ಅನಿಸಿ ಹತ್ತಿರ ಹತ್ತಿರ ಸರಿದೆ. ಅವನು ಆಗಲೇ ಕೊಕ್ಕೆಯಿಂದ ಬೆಂದ ರೊಟ್ಟಿಗಳನ್ನು ಎಬ್ಬಿಸಿ ಬುಟ್ಟಿಗೆ ಎಸೆಯುತ್ತ ಮುಂದಿನ ಸರದಿಗೆ ತೋಳು ಒದ್ದೆಮಾಡಿಕೊಳ್ಳುತ್ತಿದ್ದ. ನನ್ನ ಕಡೆ ತಿರುಗಿಯೂ ನೋಡದೆ ಹೇಳಿದ:

“ಅಕ್ಕಾ, ಆ ಕಡೆ ಹೋಗು. ನಾನು ಕಾಲು ಎತ್ತೋ ಜಾಗದಲ್ಲೇ ನಿಂತಿದ್ದೀಯ.”