ಜಡೆಯಮ್ಮನ ಸೋರೆಬುರುಡೆ

ತಾಳಮಲೆಯ ಜಡೆಯಮ್ಮ ಮಾಡುತ್ತಿದ್ದ ಮಂಡಿ ಅರಕಿಗೆ ಮೂರು ಲೋಕದಲ್ಲೂ ಸಾಟಿಯಿರಲಿಲ್ಲ. ಅಂಗೈ ಒದ್ದೆಯಾಗುವಷ್ಟು ತೆಗೆದುಕೊಂಡು ಮಂಡಿಗೆ ತಿಕ್ಕಿದರೆ ಸಾಕು, ಹಾಸಿಗೆ ಹಿಡಿದ ಮುದುಕ ಎದ್ದು ನಿಂತು, ದಿಂಬದ ಘಾಟಿಯಲ್ಲಿ ಬಸ್ಸನ್ನು ಹಿಂದೆ ಹಾಕಿ, ಸತ್ಯಮಂಗಲ ಸೇರಿ, ಆ ಬಸ್ಸು ಬರುವತನಕ ಎಲೆಅಡಿಕೆ ಜಗಿಯುತ್ತ ಕಾದಿರುತ್ತಿದ್ದ. ಒಂದು ಸಲ ಒಂದೇ ಒಂದು ತೊಟ್ಟು ಕುಂಟು ಮೇಕೆಯ ಕಾಲಿನ ಮೇಲೆ ಬಿತ್ತು. ಆ ಮೇಕೆಯನ್ನು ಆಮೇಲೆ ಕಂಡವರು ಚಾಮರಾಜನಗರದ ಸಂತೆಯವರು. ಅರಕಿಗೆ ಹಾಕುವ ಗಿಡ ಕೀಳಿಸಲೆಂದು ಸೊಂಟ ಹಿಡಿದುಕೊಂಡು ಬಂದ ಕಾಡಿನ ವಾಚರನೊಬ್ಬ ಸಿಪಾಯಿಯ ಹಾಗೆ ನೆಟ್ಟಗೆ ನಡೆದುಕೊಂಡು ಹೋದ. ಗಿಡ ಕೀಳಿಸುವುದು ಅವನಿಗೆ ಮರೆತೇಹೋಗಿತ್ತು.

ಅರಕು ಅಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಹಿತ್ತಲ ಹರಳುಗಿಡಗಳ ಮರೆಯಲ್ಲಿ ಬೆಳೆದ ಬಂಗಿ ಸೊಪ್ಪು, ಅದು ಮುಳುಗುವಷ್ಟು ಸಾರಾಯಿ, ಆಮೇಲೆ ಒಂದು ವರ್ಷದ ಕತ್ತಲೆ. 'ಒಂದು ಮಳೆ, ಒಂದು ಬಿಸಿಲು ಕಾಣದ ಅರಕು ಬರೀ ಹಸಿರು ನೀರು' ಎಂದು ಜಡೆಯಮ್ಮನ ಅವ್ವ ಹೇಳಿಹೋಗಿದ್ದಳು. ಎಂಬತ್ತೈದರಲ್ಲಿ ದಿಲ್ಲಿಯ ಕಾನೂನು ಬಿಗಿಯಾಗಿ ಆ ಗಿಡಗಳೆಲ್ಲ ಬೇರುಸಹಿತ ಹೋದವು. ಅರಕು ಹೋಯಿತು, ಅದರ ಕೀರ್ತಿ ಮಾತ್ರ ಇವತ್ತಿಗೂ ಆವಿಯಾಗಿಲ್ಲ.

ಆ ಕೀರ್ತಿಯನ್ನು ಊರೂರಿಗೆ ಹಂಚಿದವನು ಮರಿಯ. ಜಡೆಯಮ್ಮನ ಗಂಡ ಪುಟ್ಟಮಾದನ ತಮ್ಮ. ಅರಕಿನ ಮೇಲೆ ಅವನಿಗೆ ಅಭಿಮಾನ ಇರಲೇಬೇಕು, ಏಕೆಂದರೆ ಅದರೊಳಗಿನ ಸಾರಾಯಿ ತರುತ್ತಿದ್ದವನು ಅವನೇ. ಎಪ್ಪತ್ತನಾಲ್ಕರಲ್ಲಿ ತಮಿಳು ಸೀಮೆಗೆ ಸೇರಿದ ಈ ಕಡೆಯ ಸಾರಾಯಿ ಅಂಗಡಿಗಳಿಗೆಲ್ಲ ಬೀಗ ಬಿದ್ದ ಮೇಲೆ ಗಡಿ ದಾಟಿ ಮೈಸೂರು ಸೀಮೆಯಿಂದ ತರಬೇಕಾಗಿತ್ತು. ಹೋಗುವಾಗ ನೆಟ್ಟಗಿದ್ದ ದಾರಿ ಬರುವಾಗ ಯಾಕೋ ವಾಲಾಡುತ್ತದೆ ಎಂದು ಮರಿಯ ದೂರುತ್ತಿದ್ದ. ಆದರೂ ಅತ್ತಿಗೆಯ ಪಾಲನ್ನು ಮುಟ್ಟುತ್ತಿರಲಿಲ್ಲ. ಅದು ಮಂಡಿಯ ಸಾರಾಯಿ. ಮಂಡಿಯದು ಅನ್ನುವುದಕ್ಕಿಂತ, ಅಣ್ಣನದು.

ಇವರೆಲ್ಲ ಮೊದಲು ಇದ್ದದ್ದು ಮೇಲೆ, ಜೇನುಕಲ್ಲು ಪೋಡಿನಲ್ಲಿ. ಪೋಡು ಅಂದರೆ ಸೋಲಿಗರ ಕಾಡೊಳಗಿನ ಹಟ್ಟಿ. ಕಾಡು ಬಿಡಿ ಎಂದು ಸರ್ಕಾರದ ಹುಕುಂ ಬಂದು, ಪೋಡು ಖಾಲಿಯಾಗಿ, ಎಲ್ಲರೂ ಕೆಳಗೆ ತಾಳಮಲೆಗೆ ಬಂದು ಗುಡಿಸಲು ಹಾಕಿಕೊಂಡರು. ಪುಟ್ಟಮಾದ ಬೆಟ್ಟ ಇಳಿಯುವಾಗ ಬೇರೇನನ್ನೂ ಹೊತ್ತು ತರಲಿಲ್ಲ. ತಾನೇ ಬೆಳೆಸಿ, ತಾನೇ ಕೊರೆದ ಸೋರೆಬುರುಡೆಯನ್ನು ಬಗಲಿಗೆ ಹಾಕಿಕೊಂಡ, ಅದರ ತುಂಬ ಜೇನು ಇತ್ತು. ಇನ್ನೊಂದು ಕೈಯಲ್ಲಿ ಹೆಂಡತಿಯ ಕೈ. ಕೆಳಗಿನ ನೀರು ಅವನಿಗೆ ಹಿಡಿಸಲಿಲ್ಲ, ಗಾಳಿ ಹಿಡಿಸಲಿಲ್ಲ, ಕೋಳಿ ಕೂಗುವ ರಾಗವೂ ಹಿಡಿಸಲಿಲ್ಲ. ಬುರುಡೆಯ ಜೇನು ಮುಗಿಯುವ ಮೊದಲೇ ಅವನು ಮುಗಿದ.

ಅವರ ಕುಲದಲ್ಲಿ ಸತ್ತವರ ಹೆಸರಿನಲ್ಲಿ ಒಂದು ಕಲ್ಲನ್ನು ಹಿರಿಯರ ಕಲ್ಲುಗಳ ಸಾಲಿನಲ್ಲಿ ಇಡಬೇಕು. ಅಲ್ಲಿಯತನಕ ಸತ್ತವನು ದಾರಿಯಲ್ಲಿ ನಿಂತೇ ಇರುತ್ತಾನೆ. ಆ ಸಾಲು ಇರುವುದು ಜೇನುಕಲ್ಲಿನಲ್ಲಿ. ಜಡೆಯಮ್ಮ ಹಳ್ಳದಲ್ಲಿ ಹುಡುಕಿ, ತೆಂಗಿನಕಾಯಿ ಗಾತ್ರದ ಒಂದು ನುಣ್ಣನೆಯ ಕಲ್ಲನ್ನು ಆರಿಸಿ ಮನೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಹತ್ತಬೇಕಾದ ಮಂಡಿಗಳೇ ಹಟ ಹಿಡಿದಿದ್ದವು. ಹಿತ್ತಲಿಗೆ ಹೋಗಿ ಬರುವುದೇ ಅವಳಿಗೆ ಕಾಶಿಯಾತ್ರೆಯಾಗಿತ್ತು.

"ಕೊಡತ್ಗ, ನಾನೇ ಇಕ್ಬುಟ್ಟು ಬತ್ತೀನಿ," ಎಂದಿದ್ದ ಮರಿಯ.

"ಇಳ್ಯಾವಾಗ ನನ್ ಕೈ ಇಡ್ಕಂಡು ಇಳ್ದ. ಅತ್ತಾವಾಗ ಒಬ್ಬನ್ನೇ ಕಳ್ಸನ್ಲಾ?" ಎಂದಳು ಜಡೆಯಮ್ಮ.

ಮರಿಯ ಆಮೇಲೆ ಆ ಮಾತು ಎತ್ತಲಿಲ್ಲ. ಸಾರಾಯಿ ತಂದ. ಜಡೆಯಮ್ಮ ಅರಕು ಹಾಕಿದಳು. ಊರವರಿಗೆಂದು ಮಡಕೆಯಲ್ಲಿ ಹಾಕಿದ್ದು ವಾರದಲ್ಲೇ ಖರ್ಚಾಯಿತು. ಹಸಿರು ನೀರೇ ಆದರೂ ಬಿಸಿಯಾಗುತ್ತದಲ್ಲ, ಜನಕ್ಕೆ ಅಷ್ಟು ಸಾಕು. ಬೆಟ್ಟ ಹತ್ತಿಸುವ ತನ್ನ ಅರಕನ್ನು ಮಾತ್ರ ಅವಳು ಗಂಡನ ಸೋರೆಬುರುಡೆಗೆ ತುಂಬಿ, ಬಾಯಿಗೆ ಜೇನುಮೇಣ ಮೆತ್ತಿ, ರಾಗಿ ಗುಡಾಣದೊಳಗೆ ಹೂತಿಟ್ಟಳು. ಜೇನನ್ನು ವರ್ಷಗಟ್ಟಲೆ ಕಾದ ಬುರುಡೆ ಅದು, ಅದಕ್ಕಿಂತ ನಂಬಿಕಸ್ತ ಪಾತ್ರೆ ಉಂಟೇ?

ಒಂದು ಮಳೆ, ಒಂದು ಬಿಸಿಲು ಕಳೆಯಿತು. ಮರಿಯನನ್ನು ಎದುರಿಗೆ ಕೂರಿಸಿಕೊಂಡು ಜಡೆಯಮ್ಮ ಮೇಣ ಕಿತ್ತಳು. ಬುರುಡೆಯನ್ನು ಬಗ್ಗಿಸಿದಳು. ಅಲ್ಲಾಡಿಸಿದಳು. ತಲೆಕೆಳಗು ಮಾಡಿ ಬುಡಕ್ಕೆ ಬಡಿದಳು. ಸಗಣಿಯಂಥ ಹಸಿರು ಗಸಿ ಒಂದು ಚಮಚದಷ್ಟು ಅಂಗೈಗೆ ಬಿತ್ತು. ಅಷ್ಟೇ.

ಅವಳು ನಿಧಾನವಾಗಿ ತಲೆಯೆತ್ತಿದಳು. "ಮರಿಯ, ಬಾಯ್ ತಗೀಲಾ."

"ಯಾಕತ್ಗ?"

"ತಗೀಲಾ ಅಂದ್ರ."

ಮರಿಯ ಬಾಯಿ ತೆರೆದ. ದನದ ಸಂತೆಯಲ್ಲಿ ಹಲ್ಲು ನೋಡುವವಳ ಹಾಗೆ ಅವಳು ಬಗ್ಗಿ ಮೂಸಿದಳು. ಅವನ ದುರದೃಷ್ಟ, ಹಿಂದಿನ ದಿನವೇ ಅವನು ಗಡಿಯಾಚೆಗೆ ಹೋಗಿ ಬಂದಿದ್ದ.

"ನಿಮ್ಮಣ್ಣನ ದಾರಿನೇ ಕುಡ್ದುಬುಟ್ಟಲ್ಲೋ!"

"ಮಾದಪ್ಪನಾಣೆಗೂ ನಾನಲ್ಲ ಕಣತ್ಗ!"

"ಮಾದಪ್ಪನ್ನ ಯಾಕ್ಲಾ ಎಳ್ದೀಯೇ? ಮೇಣ ಅಂಗೇ ಅದ, ಒಳ್ಗ ಇಲ್ಲ. ಮೇಣ ಕಿತ್ತು ಮತ್ತ ಮೆತ್ತಾ ಕೈಚಳಕ ಈ ಊರ್ಲಿ ಜೇನು ಕೀಳವ್ನಿಗಲ್ದೆ ಇನ್ಯಾರ್ಗದ?"

ಊರಲ್ಲಿ ಜೇನು ಕೀಳುವುದರಲ್ಲಿ ಮರಿಯನೇ ಮೊದಲು. ತನ್ನ ಹೆಚ್ಚುಗಾರಿಕೆಯೇ ತನ್ನ ಕುತ್ತಿಗೆಗೆ ಬಂದಿತ್ತು. ಎದ್ದ. "ಇನ್ನ ಈ ಬಾಗ್ಲು ತುಳ್ಯದಿಲ್ಲ," ಎಂದ. ಆವೇಶದಲ್ಲಿ ಬಗ್ಗದೆ ಹೊರಟು ಬಾಗಿಲ ತೊಲೆಗೆ ಹಣೆ ಬಡಿಸಿಕೊಂಡ. ಆ ಶಬ್ದಕ್ಕೆ ತಾಳಮಲೆಯ ನವಿಲುಗಳೆಲ್ಲ ಒಟ್ಟಿಗೆ ಕೂಗಿದವು ಎನ್ನುತ್ತಾರೆ.

ಇಬ್ಬರ ಗುಡಿಸಲುಗಳ ನಡುವೆ ಒಂದು ಹೊಂಗೆಮರದ ನೆರಳು ಮಾತ್ರ ಇತ್ತು. ಆ ನೆರಳನ್ನು ದಾಟದೆ ಮರಿಯ ಒಂದು ಇಡೀ ಮಳೆಗಾಲ ಕಳೆದ. ಸಂಜೆ ಅತ್ತಿಗೆಯ ಒಲೆಯಿಂದ ಕಾಡುಸೊಪ್ಪಿನ ಸಾರಿನ ಘಮ ಬಂದರೆ ಈ ಕಡೆ ತಿರುಗಿ ಕೂರುತ್ತಿದ್ದ. ಆ ಘಮ ಸುತ್ತಿಕೊಂಡು ಈ ಕಡೆಯಿಂದಲೂ ಬರುತ್ತಿತ್ತು. ಸಾರು ಹೋಗಲಿ. ಊಟದ ಮೇಲೆ ಜಡೆಯಮ್ಮ ಕಾಲು ಚಾಚಿ ಕೂತು ಜೇನುಕಲ್ಲಿನ ಮಾತು ತೆಗೆಯುತ್ತಿದ್ದಳಲ್ಲ, ಅದಿಲ್ಲದೆ ಅವನಿಗೆ ದಿನ ಮುಗಿಯುತ್ತಲೇ ಇರಲಿಲ್ಲ. ಅಲ್ಲಿಯ ತೊರೆ ಯಾವ ಕಲ್ಲಿನ ಹತ್ತಿರ ಸದ್ದು ಬದಲಿಸುತ್ತಿತ್ತು, ರಾಗಿ ಕಾಯುವ ಅಟ್ಟಣೆಯಿಂದ ಪುಟ್ಟಮಾದ ಆನೆಗೆ ಏನೆಂದು ಬೈಯುತ್ತಿದ್ದ, ಆನೆ ಅದನ್ನು ಕೇಳಿ ಎಷ್ಟು ನಾಚಿಕೊಂಡು ಹೋಗುತ್ತಿತ್ತು, ಎಲ್ಲ ಬರುತ್ತಿತ್ತು. ಊರಿನ ಉಳಿದವರು ಅದನ್ನೆಲ್ಲ ಬಾಯಿಗೆ ತರುವುದನ್ನೇ ಬಿಟ್ಟಿದ್ದರು. ಅಣ್ಣ ಬೈಯುತ್ತಿದ್ದ ಆ ಬೈಗುಳ ಒಂದು ಸಂಜೆ ಮರಿಯನಿಗೆ ಪೂರ್ತಿ ನೆನಪಾಗಲಿಲ್ಲ. ಕೇಳೋಣವೆಂದರೆ ಅದನ್ನು ಬಲ್ಲವಳು ಒಬ್ಬಳೇ. ಅವಳ ಕಣ್ಣಿಗೆ ಇವನು ಕಳ್ಳ.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ಮರಿಯ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಎದುರಿನಿಂದ ಜಡೆಯಮ್ಮ ಬಂದಳು. ಗೋಡೆ ಹಿಡಿದು, ಮರ ಹಿಡಿದು, ಆಮೇಲೆ ಹಿಡಿಯಲು ಏನೂ ಸಿಗದೆ ಗಾಳಿಯನ್ನೇ ಹಿಡಿದುಕೊಂಡು ಬಂದಳು. ಸೊಂಟಕ್ಕೆ ಸೋರೆಬುರುಡೆ ಕಟ್ಟಿತ್ತು. ಅದನ್ನು ಬಿಚ್ಚಿ ಅವನ ಮುಂದೆ ಇಟ್ಟಳು.

"ಕಳ್ಳ ಸಿಕ್ದ ಕಣ್ಲಾ."

"ಯಾರು?" ಅಂದ ಮರಿಯ, ಹಗ್ಗದಿಂದ ತಲೆಯೆತ್ತದೆ.

"ಇವ್ನೇ. ಆಚೆಮನೆ ಕೆಂಚಮ್ಮನ ಕೈಲಿ ಸಾರಾಯಿ ತರ್ಸಿ, ತುಂಬಿ, ಮೇಣ ಮೆತ್ತಿ, ಸೊಂಟುಕ್ಕ ಕಟ್ಕಂಡೆ. ಉಣ್ಣಾವಾಗ ಸೊಂಟ, ಮನಗಾವಾಗ ಸೊಂಟ. ನೀ ಎಂಗ್ ಬಂದಯಾ ನೋಡೇ ಬುಡನಾ ಅಂತ. ನೀ ಬರ್ನೇ ಇಲ್ಲ. ಇವ್ನು ಮಾತ್ರ ದಿನ್ದಿನ್ಕೂ ಅಗುರ ಆದ. ಸೀರೆಯೆಲ್ಲಾ ಸಾರಾಯಿ ವಾಸ್ನೆ. ಊರ್ನೋರು ನನ್ನೇ ಕುಡ್ಕಿ ಅಂದ್ರು."

ಮರಿಯ ಬುರುಡೆಯನ್ನು ಎತ್ತಿ ನೋಡಿದ. ಮೇಣ ಹಾಗೇ ಇತ್ತು. ಬುರುಡೆ ಒಣಗಿದ ತರಗೆಲೆಯ ಹಾಗೆ ಹಗುರ. ಮೂಸಿದರೆ ಅದರ ಮೈಯೇ ಘಮ್ಮೆನ್ನುತ್ತಿತ್ತು. ಜೇನನ್ನು ಜೋಪಾನ ಮಾಡಿದ ಸೋರೆ ಸಾರಾಯಿಯನ್ನು ಮೈಯಿಂದಲೇ ಉಸಿರಾಡಿ ಬಿಟ್ಟುಬಿಡುತ್ತಿತ್ತು. ಇಬ್ಬರಿಗೂ ಅದು ಹೊಸ ಸಂಗತಿ. ಹಿರಿಯರು ಯಾರೂ ಸೋರೆಯಲ್ಲಿ ಸಾರಾಯಿ ಇಟ್ಟವರಲ್ಲ. ಅದನ್ನು ಇಡುವತನಕ ಉಳಿಸಿದವರು ಇದ್ದರೆ ತಾನೆ?

"ಜೇನಿಗಾದ್ರ ಸಾಧು. ಸಾರಾಯಿ ಕಂಡ್ರ ಮೈಯೆಲ್ಲಾ ಬಾಯಿ," ಎಂದಳು ಜಡೆಯಮ್ಮ.

"ಕೊರ್ದೋನ್ ಬುದ್ಧಿನೇ ಬಂದದ."

"ನಿಮ್ ವಂಶುಕ್ಕೇ ಅದೊಂದು ಬುದ್ಧಿ. ಏಳು, ಸಾರು ಆರೋಯ್ತದ."

ತಪ್ಪಾಯಿತು ಅನ್ನುವ ಮಾತು ಇದಕ್ಕಿಂತ ಸ್ಪಷ್ಟವಾಗಿ ಜಡೆಯಮ್ಮನ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಮರಿಯ ಹೊಂಗೆಯ ನೆರಳು ದಾಟಿದ. ಈ ಸಲ ಬಾಗಿಲಲ್ಲಿ ತಲೆ ಬಗ್ಗಿಸಿದ. ಊಟದ ಮೇಲೆ ಅಣ್ಣನ ಬೈಗುಳವನ್ನು ಪೂರ್ತಿ ಹೇಳಿಸಿಕೊಂಡ. ಅದನ್ನು ಇಲ್ಲಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ.

ತಾಳವಾಡಿಯ ಶಿವಶಂಕರಪ್ಪನ ಅಂಗಡಿಯಿಂದ ಮರಿಯ ಖಾಲಿಯಾದ ಟಾನಿಕ್ಕಿನ ಗಾಜಿನ ಬಾಟಲಿಯೊಂದನ್ನು ತಂದುಕೊಟ್ಟ. ಜಡೆಯಮ್ಮನಿಗೆ ಗಾಜು ಕಂಡರೆ ಆಗದು. ಒಳಗಿನದೆಲ್ಲ ಕಾಣುವ ಪಾತ್ರೆ, ಮಾನವಿಲ್ಲದ್ದು ಎಂದು ಮುಖ ಸಿಂಡರಿಸಿದಳು. ಆದರೂ ಅರಕು ತುಂಬಿ, ಬಟ್ಟೆ ಸುತ್ತಿ, ಗುಡಾಣದಲ್ಲಿ ಹೂತಿಟ್ಟಳು. ಬುರುಡೆ ಬರಿದಾಗಿ ಗೋಡೆಯ ಗೂಟ ಸೇರಿತು. ಮತ್ತೊಂದು ಮಳೆ, ಮತ್ತೊಂದು ಬಿಸಿಲು ಹೋದವು. ಬಾಟಲಿಯಲ್ಲಿ ತೊಟ್ಟೂ ಕಡಿಮೆಯಾಗಿರಲಿಲ್ಲ. ಆ ಹೊತ್ತಿಗೆ ಜಡೆಯಮ್ಮನ ಮಂಡಿಗಳು ಇನ್ನಷ್ಟು ಕೆಟ್ಟಿದ್ದವು. ಈ ವರ್ಷ ಬಿಟ್ಟರೆ ಇನ್ನಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಹೊರಟ ದಿನ ಅವಳ ಮಡಿಲು ಏಳು ತಿಂಗಳ ಬಸುರಿಯ ಹಾಗೆ ಉಬ್ಬಿತ್ತು. "ಕಲ್ಲು ನನ್ಗ ಕೊಡತ್ಗ," ಎಂದರೆ ಕೊಡಲಿಲ್ಲ. "ಅರಕು ತಗಂಡ್ಯಾ?" ಎಂದು ಕೇಳಿದ. "ನಡೀಲಾ," ಎಂದಳು. ಮರಿಯ ಬುತ್ತಿ ಹೊತ್ತು, ಮಚ್ಚು ಹಿಡಿದು ಮುಂದೆ ನಡೆದ.

ಅವಳು ಹತ್ತಿದ್ದು ಹೇಗೆ? ಆಮೆ ಕಂಡಿದ್ದರೆ ಮರುಕಪಟ್ಟು ಬೆನ್ನು ಕೊಡುತ್ತಿತ್ತು. ಕೋಲೂರಿ, ಕಾಲೆಳೆದು, ನಿಂತು, ಬೇರು ಹಿಡಿದು, ಕಡಿದಾದ ಕಡೆ ಕೂತುಕೊಂಡೇ ಹಿಂದುಹಿಂದಾಗಿ ಏರಿದಳು. ನಡುನಡುವೆ ಮರಿಯ, "ವಸಿ ತಿಕ್ಕೋ ಅತ್ಗ," ಎನ್ನುವನು. "ಆ ಕಡೀಕ್ ತಿರೀಕ," ಎನ್ನುವಳು. ಅವನು ಮರ್ಯಾದೆಯಿಂದ ಬೆನ್ನು ಮಾಡಿ ನಿಲ್ಲುವನು. ಬಂಡೆಯ ಮರೆಯಲ್ಲಿ ಸೀರೆ ಸರಸರ ಅನ್ನುವುದು. ಆಮೇಲೆ, "ಊಂ, ನಡಿ." ಆನೆಲದ್ದಿ ಬಿಸಿಯಾಗಿದ್ದ ಕಡೆ ಇಬ್ಬರೂ ಉಸಿರು ಹಿಡಿದು ಕಾದರು. ಹಳೆಯ ತೊರೆ ಸದ್ದು ಬದಲಿಸುವ ಕಲ್ಲಿನ ಹತ್ತಿರ ಅವಳು ಕೋಲನ್ನು ಎತ್ತಿ ಸುಮ್ಮನೆ ನಿಂತು ಕೇಳಿದಳು. ಮರಿಯನೂ ಕೇಳಿದ. ಸದ್ದು ಹಾಗೇ ಇತ್ತು.

ಮಧ್ಯಾಹ್ನದ ಬಿಸಿಲು ಹೊರಳುವ ಹೊತ್ತಿಗೆ ಜೇನುಕಲ್ಲು ಬಂತು. ಗುಡಿಸಲುಗಳಿದ್ದ ಜಾಗದಲ್ಲಿ ಲಂಟಾನ ಆಳೆತ್ತರ ಬೆಳೆದಿತ್ತು. ಮರಿಯ ಮಚ್ಚಿನಿಂದ ಸವರಿ ದಾರಿ ಮಾಡಿದ. ಹಿರಿಯರ ಕಲ್ಲುಗಳು ಪಾಚಿ ಹೊದ್ದು ಸಾಲಾಗಿ ಕೂತಿದ್ದವು. ಜಡೆಯಮ್ಮ ಮಡಿಲು ಬಿಚ್ಚಿ, ಗಂಡನ ಕಲ್ಲನ್ನು ಅವನ ಅಪ್ಪನ ಕಲ್ಲಿನ ಪಕ್ಕ ಇಟ್ಟು, ಅಲುಗದ ಹಾಗೆ ಮಣ್ಣು ಒತ್ತಿದಳು. ಒತ್ತಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಮರಿಯ ಕಣ್ಣೊರೆಸಿಕೊಂಡ. ಅವನ ಬಾಯಿಗೆ ಜೀವ ಬಂತು. "ನೋಡ್ದ್ಯಾ ಅತ್ಗ, ಅರಕು ಅಂದ್ರ ಇದು! ನಾಳೆ ತಾಳವಾಡಿಗ ಓಗಿ ಯೋಳ್ತೀನಿ, ಬಸ್ಸೇ ಬ್ಯಾಡ ಅನ್ಬೇಕು ಜನ. ಈಗ ನನ್ ಮಂಡಿನೂ ಇಡ್ಕಂಡದ, ವಸಿ ಕೊಡು."

"ಮಂಡಿಗೋ, ಗಂಟ್ಲಿಗೋ?"

"ಮಂಡಿಗ ಕಣತ್ಗ, ಅಣ್ಣನ್ ಮುಂದ ಸುಳ್ಳು ಯೋಳನಾ?"

ಜಡೆಯಮ್ಮ ಬರಿದಾದ ಮಡಿಲನ್ನು ಅವನ ಮುಂದೆ ಕೊಡವಿದಳು. ಒಂದಿಷ್ಟು ಮಣ್ಣು ಉದುರಿತು.

"ಬಾಟ್ಲಿ ಗುಡಾಣದಲ್ಲೇ ಅದ ಕಣ್ಲಾ. ಈ ಮುದ್ಕಿ ಒಬ್ಳು ಏಟು ಒತ್ತಾಳು? ಅದ್ನ ಒತ್ಕಂಡಿದ್ರ ನಿಮ್ಮಣ್ಣನ್ನ ಬುಟ್ಟು ಬರ್ಬೇಕಾಗಿತ್ತು."